ಕ್ಯಾಮೆರಾ ಕೊರಳಿಗೆ ಹಾಕಿಕೊಳ್ಳುವ ಮುನ್ನ

ಪದವಿ ಮುಗಿಸಿದ ಮಗ ‘ಪತ್ರಿಕಾ ಛಾಯಾಗ್ರಾಹಕನಾಗುತ್ತೇನೆ’ ಎಂದರೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ: ‘ಅದರಿಂದ ಹೊಟ್ಟೆ ತುಂಬುತ್ತದೇನಪ್ಪಾ?’ ಪ್ರಶ್ನೆ ಒರಟಾಗಿ ಕಂಡರೂ ಅದರಲ್ಲಿ ತಪ್ಪೇನಿಲ್ಲ. ಒಂದು ಕ್ಯಾಮೆರಾ, ಎರಡು ಲೆನ್ಸು ಕೊಳ್ಳಲು ಅಪ್ಪನ ಭವಿಷ್ಯನಿಧಿಗೆ ಕೈಹಾಕಬೇಕಾದ ಮನೆಗಳೇ ಹೆಚ್ಚು. ಆದ್ದರಿಂದ ಉತ್ತರವನ್ನು ಉತ್ಸಾಹದಿಂದಲ್ಲ, ಲೆಕ್ಕ ಹಾಕಿಯೇ ಹೇಳಬೇಕು.

ಲೆಕ್ಕ ಕಹಿಯಾಗಿದೆ. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಮೊದಲ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಬೇಕಾಗುತ್ತಿತ್ತು. ಅದೇ ತಂತ್ರ ಬೆಳೆದು ಫಿಲ್ಮನ್ನು ಮೂಲೆಗೆ ತಳ್ಳಿತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿಕೊಂಡಿತು. ಮರುವರ್ಷ ಮೇ ತಿಂಗಳಲ್ಲಿ ಅಮೆರಿಕದ ಶಿಕಾಗೋ ಸನ್-ಟೈಮ್ಸ್ ಪತ್ರಿಕೆ ತನ್ನ 28 ಮಂದಿ ಛಾಯಾಗ್ರಾಹಕರನ್ನೂ ಒಂದೇ ದಿನ ಮನೆಗೆ ಕಳಿಸಿ, ವರದಿಗಾರರಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಟ್ಟಿತು. ಹೋದವರಲ್ಲಿ 1982ರ ಪುಲಿಟ್ಜರ್ ಪ್ರಶಸ್ತಿ ಪಡೆದ ಜಾನ್ ವೈಟ್ ಕೂಡ ಒಬ್ಬರು.

ಇಂದು ಅಪಘಾತದ ಸ್ಥಳಕ್ಕೆ ಛಾಯಾಗ್ರಾಹಕ ಮೊದಲು ತಲುಪುವುದಿಲ್ಲ. ಪಕ್ಕದ ಚಹದಂಗಡಿಯ ಹುಡುಗನ ಜೇಬಿನಲ್ಲಿಯೇ ಕ್ಯಾಮೆರಾ ಇದೆ. ಮೊದಲು ತಲುಪುವ ಪಂದ್ಯದಲ್ಲಿ ಸೋತಾಯಿತು ಎಂದು ಒಪ್ಪಿಕೊಂಡವನಿಗೆ ಮುಂದಿನ ದಾರಿ ಕಾಣುತ್ತದೆ. ಮೊದಲ ದಿನದ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಮೂರನೆಯ ತಿಂಗಳ ಚಿತ್ರ ಯಾರ ಬಳಿಯೂ ಇರುವುದಿಲ್ಲ. ರಘು ರಾಯ್ 1984ರಲ್ಲಿ ಭೋಪಾಲದ ಅನಿಲ ದುರಂತವನ್ನು ಚಿತ್ರಿಸಿದರು. ಅಷ್ಟಕ್ಕೇ ಮುಗಿಸದೆ, ವರ್ಷಗಳ ನಂತರ ಮತ್ತೆ ಅಲ್ಲಿಗೆ ಹೋಗಿ ಬದುಕುಳಿದವರ ಪಾಡನ್ನೂ ಚಿತ್ರಿಸಿದರು. ಸುದ್ದಿ ಆರಿದ ಮೇಲೂ ಉಳಿಯುವ ಇಂಥ ತಾಳ್ಮೆಯನ್ನು ಮೊಬೈಲ್ ಕಸಿಯಲಾರದು.

ಪೂರ್ಣಾವಧಿ ನೌಕರಿಯಿಲ್ಲದೆ ಬದುಕುವುದೂ ಹೊಸ ಕಷ್ಟವೇನಲ್ಲ. ಮೈಸೂರಿನ ಟಿ.ಎಸ್. ಸತ್ಯನ್ 1948ರಲ್ಲಿ ಡೆಕ್ಕನ್ ಹೆರಾಲ್ಡ್ ಸೇರಿದರು. ನಂತರ ನೌಕರಿಯ ಹಂಗು ಬಿಟ್ಟು ಸ್ವತಂತ್ರವಾಗಿ ದುಡಿದರು. ವಿದೇಶಿ ಪತ್ರಿಕೆಗಳಿಗೂ ಯುನಿಸೆಫ್‌ನಂಥ ಸಂಸ್ಥೆಗಳಿಗೂ ಚಿತ್ರ ತೆಗೆದುಕೊಟ್ಟರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ಗಣ್ಯರಿಗಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುವವರು ಮಕ್ಕಳು, ಬೀದಿಯ ಜನ.

ಹಾಗಾದರೆ ಹೊಸಬ ಏನು ಮಾಡಬೇಕು? ಮೊದಲನೆಯದು, ತನ್ನ ಜಿಲ್ಲೆಯನ್ನು ಓದಬೇಕು. ಕೆರೆ ಯಾವಾಗ ಕೋಡಿ ಬೀಳುತ್ತದೆ, ಅಡಿಕೆ ಕೊಯ್ಲು ಯಾವ ತಿಂಗಳು, ಗುಳೆ ಹೋಗುವವರು ಯಾವ ಬಸ್ಸು ಹತ್ತುತ್ತಾರೆ ಎಂಬುದನ್ನು ಬಲ್ಲವನು ದೆಹಲಿಯಿಂದ ಬಂದವನಿಗಿಂತ ಎಷ್ಟೋ ಮುಂದಿರುತ್ತಾನೆ. ಎರಡನೆಯದು, ಹತ್ತಿರ ಹೋಗುವುದನ್ನು ಕಲಿಯಬೇಕು. ದೂರ ಎರಡರಷ್ಟಾದರೆ ಫ್ಲಾಶಿನ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಮನುಷ್ಯರ ವಿಶ್ವಾಸವೂ ಹೆಚ್ಚುಕಡಿಮೆ ಅದೇ ನಿಯಮವನ್ನು ಪಾಲಿಸುತ್ತದೆ. ಮೂರನೆಯದು, ಬರೆಯಲು ಬರಬೇಕು. ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕು ಸಾಲಿಲ್ಲದ ಚಿತ್ರ ಹೆಸರಿಲ್ಲದ ಔಷಧಿ ಸೀಸೆಯಂತೆ, ಬಳಸಲು ಭಯ. ವಿಡಿಯೊ ಸಂಕಲನವನ್ನೂ ಕಲಿತಿದ್ದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಮದುವೆ ಸುಗ್ಗಿಯಲ್ಲಿ ಮದುವೆ ಚಿತ್ರ ತೆಗೆದು ಲೆನ್ಸಿನ ಸಾಲ ತೀರಿಸುವುದರಲ್ಲಿ ಅವಮಾನವಿಲ್ಲ.

ಕಾನೂನನ್ನೂ ತುಸು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಪತ್ರಿಕೆಯ ನೌಕರ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕನದು. ಉಳಿದ ಹಕ್ಕು ತೆಗೆದವನದು. ಆದರೆ ಒಪ್ಪಂದದ ಒಂದೇ ಸಾಲು ಇದನ್ನು ತಲೆಕೆಳಗು ಮಾಡಬಲ್ಲದು. ಸಹಿ ಹಾಕುವ ಮುನ್ನ ಓದಿಕೊಳ್ಳುವುದು ಲೇಸು.

ಇಷ್ಟೆಲ್ಲ ಇದ್ದೂ ಒಂದು ಗುಣ ಇಲ್ಲದಿದ್ದರೆ ಎಲ್ಲವೂ ವ್ಯರ್ಥ. 2006ರ ಲೆಬನಾನ್ ಯುದ್ಧದಲ್ಲಿ ಛಾಯಾಗ್ರಾಹಕನೊಬ್ಬ ಕಂಪ್ಯೂಟರಿನಲ್ಲಿ ಹೊಗೆಯನ್ನು ದಟ್ಟ ಮಾಡಿದ್ದು ಬಯಲಾದಾಗ, ರಾಯಿಟರ್ಸ್ ಸಂಸ್ಥೆ ಅವನ 920 ಚಿತ್ರಗಳನ್ನೂ ತೆಗೆದುಹಾಕಿತು. ಇಲ್ಲದ್ದನ್ನು ಇದ್ದಂತೆ ತೋರಿಸಲು ಈಗ ಯಂತ್ರವೇ ಸಾಕು. ಆದ್ದರಿಂದಲೇ ‘ಇದು ನಿಜ, ಅಲ್ಲಿ ನಾನಿದ್ದೆ’ ಎಂದು ಹೇಳಬಲ್ಲವನ ಮಾತಿಗೆ ಬೆಲೆ ಬರಬೇಕಾದ ಕಾಲವಿದು. ಆ ಮಾತಿಗೆ ತೆರುವ ಬೆಲೆಯೂ ದೊಡ್ಡದು. ಪುಲಿಟ್ಜರ್ ಪಡೆದಿದ್ದ ಡ್ಯಾನಿಶ್ ಸಿದ್ದಿಕಿ 2021ರ ಜುಲೈಯಲ್ಲಿ ಅಫ್ಘಾನಿಸ್ತಾನದಲ್ಲಿ ಕೆಲಸದಲ್ಲಿದ್ದಾಗಲೇ ಪ್ರಾಣ ಕಳೆದುಕೊಂಡರು. ಯಾವ ಚಿತ್ರವೂ ಜೀವಕ್ಕಿಂತ ದೊಡ್ಡದಲ್ಲ ಎಂಬುದನ್ನು ಹೊಸಬರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮನೆಯವರು ಮಗನಿಗೆ, ಮಗಳಿಗೂ ಸಹ, ಒಂದು ವರ್ಷದ ಅವಕಾಶ ಕೊಡಲಿ. ಇದ್ದ ಕ್ಯಾಮೆರಾದಲ್ಲಿಯೇ ಒಂದು ವಿಷಯ ಹಿಡಿದು, ಹೆಸರು-ದಿನಾಂಕ ಸಹಿತ ಇಪ್ಪತ್ತು ಒಳ್ಳೆಯ ಚಿತ್ರ ತರಲಿ. ತಂದರೆ ಲೆನ್ಸಿಗೆ ಹಣ ಹಾಕಬಹುದು. ತರಲಾಗದಿದ್ದರೂ ನಷ್ಟವೇನಿಲ್ಲ, ತನ್ನ ಊರನ್ನು ಒಂದು ವರ್ಷ ಕಣ್ಣು ತೆರೆದು ನೋಡಿದಂತಾಯಿತು. ಭವಿಷ್ಯನಿಧಿಯೂ ಉಳಿಯಿತು.