ಬಿದ್ದವರ ನಡುವೆ ನಿಂತವನು

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಪಕ್ಕದ ಮನೆಯ ಹುಡುಗ ಹೆಚ್ಚು ಅಂಕ ತೆಗೆದರೆ ‘ಓದಿದ್ದೇ ಪರೀಕ್ಷೆಗೆ ಬಂತಂತೆ, ಅದೃಷ್ಟ’ ಎಂದು ಮಾತಾಗುವುದೂ ಇದೇ ಅರ್ಥದಲ್ಲಿ. ಕ್ರೀಡಾಲೋಕದಲ್ಲಿ ಈ ಮಾತನ್ನು ಬಹುಶಃ ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡ ಮನುಷ್ಯ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್ಬರಿ.

2002ರ ಫೆಬ್ರವರಿ 16. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. 1000 ಮೀಟರ್ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಫೈನಲ್‌ನಲ್ಲಿ ಐವರು ಸ್ಪರ್ಧಿಗಳು. ತವರಿನ ಜನರ ಕಣ್ಮಣಿ ಅಪೊಲೊ ಓನೊ, ಚೀನಾದ ಲಿ ಜಿಯಾಜುನ್, ದಕ್ಷಿಣ ಕೊರಿಯಾದ ಆನ್ ಹ್ಯುನ್-ಸೂ, ಕೆನಡಾದ ಮ್ಯಾಥ್ಯೂ ಟರ್ಕಾಟ್ ಮತ್ತು ಬ್ರಾಡ್ಬರಿ. ಕೊನೆಯ ಸುತ್ತಿನಲ್ಲಿ ಮೊದಲ ನಾಲ್ವರು ಒಬ್ಬರಿಗೊಬ್ಬರು ಅಂಟಿಕೊಂಡಂತೆ ಸಾಗುತ್ತಿದ್ದರೆ ಬ್ರಾಡ್ಬರಿ ಸುಮಾರು 15 ಮೀಟರ್ ಹಿಂದಿದ್ದ. ಕೊನೆಯ ತಿರುವಿನಲ್ಲಿ ಲಿ ಮತ್ತು ಓನೊ ತಗುಲಿಕೊಂಡರು. ಒಬ್ಬರ ಹಿಂದೆ ಒಬ್ಬರಂತೆ ನಾಲ್ವರೂ ಉರುಳಿಬಿದ್ದರು. ಹಿಂದೆ ಬರುತ್ತಿದ್ದ ಬ್ರಾಡ್ಬರಿ ನಿಂತ ಕಾಲಲ್ಲೇ ಗೆರೆ ದಾಟಿದ. ಎರಡೂ ಕೈ ಮೇಲೆತ್ತಿದನಾದರೂ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. ಓನೊ ಬಿದ್ದಲ್ಲಿಂದಲೇ ಕಾಲು ಚಾಚಿ ಬೆಳ್ಳಿ ಪಡೆದ. ಟರ್ಕಾಟ್‌ಗೆ ಕಂಚು. ದಕ್ಷಿಣ ಗೋಲಾರ್ಧದ ಯಾವ ದೇಶಕ್ಕೂ ಅಲ್ಲಿಯವರೆಗೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಚಿನ್ನ ಸಿಕ್ಕಿರಲಿಲ್ಲ. ಮೊದಲ ಚಿನ್ನ ಹೀಗೆ ಬಂತು!

ಪ್ರಪಂಚ ನಕ್ಕಿತು. ಅದೃಷ್ಟ ಎಂದರೆ ಇದಪ್ಪಾ ಎಂದಿತು. ಆದರೆ ಆ ನಾಲ್ವರು ಒಟ್ಟಿಗೆ ಬಿದ್ದದ್ದು ಏಕೆ ಎಂದು ತಿಳಿದರೆ ಮುಂದಿನ ಕಥೆಗೆ ಬೇರೆ ಅರ್ಥ ಬರುತ್ತದೆ.

ಈ ಆಟದ ಸುತ್ತುದಾರಿ ಕೇವಲ 111.12 ಮೀಟರ್. ಐಸ್ ಹಾಕಿ ಆಡುವ ಅಂಕಣದೊಳಗೇ ಅದನ್ನು ಗುರುತು ಮಾಡಿರುತ್ತಾರೆ. ಒಂಬತ್ತು ಸುತ್ತು ಹಾಕಿದರೆ 1000 ಮೀಟರ್. ಆ ದಿನ ಬ್ರಾಡ್ಬರಿ ತೆಗೆದುಕೊಂಡ ಸಮಯ 1 ನಿಮಿಷ 29.109 ಸೆಕೆಂಡ್. ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗ. ಈ ವೇಗದಲ್ಲಿ ಅಷ್ಟು ಚಿಕ್ಕ ತಿರುವನ್ನು ಸುತ್ತಲು ದೇಹವನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲ ಬೇಕು. ವೇಗ ಎರಡರಷ್ಟಾದರೆ ಬೇಕಾದ ಬಲ ನಾಲ್ಕರಷ್ಟಾಗುತ್ತದೆ. ಅದಕ್ಕೇ ಸ್ಕೇಟರ್‌ಗಳು ಕೈ ನೆಲ ಮುಟ್ಟುವಷ್ಟು ಒಳಕ್ಕೆ ಬಾಗುತ್ತಾರೆ. ಮಂಜುಗಡ್ಡೆಯಲ್ಲಿ ಕಚ್ಚಿಕೊಂಡ ತೆಳುವಾದ ಅಲಗು ಮಾತ್ರ ಅವರನ್ನು ದಾರಿಯಲ್ಲಿ ಹಿಡಿದಿಡುತ್ತದೆ. ಆ ಹಿಡಿತ ತಪ್ಪಿತೋ, ಕವಣೆಯಿಂದ ಬಿಟ್ಟ ಕಲ್ಲಿನಂತೆ ಸ್ಪರ್ಶರೇಖೆಯಲ್ಲಿ ಹೊರಕ್ಕೆ ಜಾರಿ ಗೋಡೆಗೆ ಅಪ್ಪಳಿಸಬೇಕಾದದ್ದೇ. ಅಕ್ಕಪಕ್ಕದವರನ್ನೂ ಸೇರಿಸಿಕೊಂಡು! ಬೀಳುವುದು ಈ ಆಟದಲ್ಲಿ ಅಪರೂಪದ ಅಪಘಾತವಲ್ಲ, ಆಟದೊಳಗೇ ಸೇರಿಕೊಂಡಿರುವ ಸಂಗತಿ.

ಇದು ಬ್ರಾಡ್ಬರಿಗೆ ತಿಳಿದಷ್ಟು ಚೆನ್ನಾಗಿ ಇನ್ನಾರಿಗೆ ತಿಳಿದೀತು? 1973ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದ ಆತ ಅಭ್ಯಾಸ ಮಾಡಿದ್ದು ಬ್ರಿಸ್ಬೇನ್‌ನಲ್ಲಿ. ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಗಾಬಾ ಮೈದಾನದಿಂದ ಪರಿಚಿತವಾದ, ಹಿಮವೇ ಬೀಳದ ಊರು ಅದು. ಅಂಥ ಕಡೆಯಿಂದ ಬಂದ ಹುಡುಗ 1991ರಲ್ಲಿ ಸಿಡ್ನಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 5000 ಮೀಟರ್ ರಿಲೇ ಗೆದ್ದ ತಂಡದಲ್ಲಿದ್ದ. 1994ರ ನಾರ್ವೆ ಒಲಿಂಪಿಕ್ಸ್‌ನಲ್ಲಿ ಅದೇ ರಿಲೇಯಲ್ಲಿ ಕಂಚು ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಕಂಡ ಮೊಟ್ಟಮೊದಲ ಪದಕ ಅದು.

ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಶ್ವಕಪ್ ಸ್ಪರ್ಧೆ ನಡೆಯುತ್ತಿದ್ದಾಗ ಡಿಕ್ಕಿಯಾಯಿತು. ಮತ್ತೊಬ್ಬ ಸ್ಪರ್ಧಿಯ ಸ್ಕೇಟ್‌ನ ಅಲಗು ಬ್ರಾಡ್ಬರಿಯ ಬಲತೊಡೆಯನ್ನು ಸೀಳಿಬಿಟ್ಟಿತು. ದೇಹದಿಂದ ನಾಲ್ಕು ಲೀಟರ್ ರಕ್ತ ಹರಿದುಹೋಯಿತು. ದೊಡ್ಡವರ ಮೈಯಲ್ಲಿರುವುದೇ ಸುಮಾರು ಐದಾರು ಲೀಟರ್ ರಕ್ತ ಎಂಬುದನ್ನು ಹೈಸ್ಕೂಲು ಮಕ್ಕಳೂ ಬಲ್ಲರು. ಪ್ರಜ್ಞೆ ತಪ್ಪಿದರೆ ಮತ್ತೆ ಏಳುವುದಿಲ್ಲವೆಂದುಕೊಂಡು ಆತ ಎಚ್ಚರವಾಗಿರಲು ಹೆಣಗಿದ. ಬದುಕಿದ. ಹಾಕಿದ ಹೊಲಿಗೆ 111. ಕಾಲಿಗೆ ಮೊದಲಿನ ಶಕ್ತಿ ಬರಲು ಹದಿನೆಂಟು ತಿಂಗಳು ಹಿಡಿಯಿತು.

1998ರ ನಾಗಾನೊ ಒಲಿಂಪಿಕ್ಸ್‌ಗೂ ಹೋದ. ಅಲ್ಲಿ ಬೇರೆಯವರ ಡಿಕ್ಕಿಗೆ ಸಿಕ್ಕಿ ಬರಿಗೈಯಲ್ಲಿ ಬಂದ. ಆಗ ಯಾರೂ ಅದನ್ನು ‘ದುರದೃಷ್ಟ’ ಎಂದು ಪತ್ರಿಕೆಯಲ್ಲಿ ದೊಡ್ಡದಾಗಿ ಬರೆಯಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ಅಭ್ಯಾಸ ಮಾಡುವಾಗ ಮುಂದಿದ್ದವನೊಬ್ಬ ಬಿದ್ದ. ಅವನನ್ನು ಹಾರಿ ದಾಟಲು ಹೋದ ಬ್ರಾಡ್ಬರಿ ತಲೆ ಮುಂದಾಗಿ ಅಂಕಣದ ಅಂಚಿನ ತಡೆಗೋಡೆಗೆ ಬಡಿದ. ಕುತ್ತಿಗೆಯ ನಾಲ್ಕನೇ ಮತ್ತು ಐದನೇ ಮೂಳೆಮಣಿಗಳು ಮುರಿದವು. ತಲೆಬುರುಡೆಗೆ ನಾಲ್ಕು ಮೊಳೆ ಕೂರಿಸಿ, ಕುತ್ತಿಗೆ ಅಲುಗದಂತೆ ತಲೆಯ ಸುತ್ತ ಚೌಕಟ್ಟು ಕಟ್ಟಿದರು. ಒಂದೂವರೆ ತಿಂಗಳು ಅದರಲ್ಲೇ ಇದ್ದ. ಇನ್ನು ಸ್ಕೇಟಿಂಗ್ ಆಸೆ ಬಿಡು ಎಂದರು ವೈದ್ಯರು. ಒಂದೂವರೆ ವರ್ಷದೊಳಗೆ ಆತ ಸಾಲ್ಟ್ ಲೇಕ್ ಸಿಟಿಯಲ್ಲಿದ್ದ.

ಹಣವಾದರೂ ಇತ್ತೇ? ಅಭ್ಯಾಸಕ್ಕೆ ಹೋಗಿಬರುವ ಹಳೆಯ ಕಾರಿನ ರಿಪೇರಿಗೆ ಅಪ್ಪ-ಅಮ್ಮನಿಂದ ಸಾವಿರ ಡಾಲರ್ ಸಾಲ ಮಾಡಿದ್ದ. ಹೊಟ್ಟೆಪಾಡಿಗೆ ಮನೆಯ ಹಿಂದಿನ ಪುಟ್ಟ ಕಾರ್ಯಾಗಾರದಲ್ಲಿ ಸ್ಕೇಟಿಂಗ್ ಬೂಟು ತಯಾರಿಸುತ್ತಿದ್ದ. ತನ್ನ ಬೂಟುಗಳನ್ನು ಓನೊಗೂ ಉಚಿತವಾಗಿ ಕೊಟ್ಟಿದ್ದ. ಓನೊ ಚಿನ್ನ ಗೆದ್ದರೆ ಬೂಟಿನ ಹೆಸರು ಹೇಳಲಿ, ವ್ಯಾಪಾರವಾದರೂ ಕುದುರಲಿ ಎಂಬ ಲೆಕ್ಕ. ತಾನೇ ಗೆಲ್ಲುವೆನೆಂದು ಅವನೂ ಎಣಿಸಿರಲಿಲ್ಲ.

ಆ ರಾತ್ರಿಯ ಕ್ವಾರ್ಟರ್ ಫೈನಲ್‌ನಲ್ಲಿ ಬ್ರಾಡ್ಬರಿ ಮೂರನೆಯವನು. ಇಬ್ಬರಿಗಷ್ಟೇ ಮುಂದಿನ ಹಂತಕ್ಕೆ ಅವಕಾಶ. ಆದರೆ ಮುಂದಿದ್ದ ಕೆನಡಾದ ಮಾರ್ಕ್ ಗ್ಯಾನ್ಯೋ ಅಡ್ಡಿಪಡಿಸಿದ್ದಕ್ಕಾಗಿ ಅನರ್ಹಗೊಂಡ. ಸೆಮಿಫೈನಲ್‌ಗೆ ಮುನ್ನ ಬ್ರಾಡ್ಬರಿ ತನ್ನ ತರಬೇತುದಾರರಾದ ಆ್ಯನ್ ಝಾಂಗ್ ಜೊತೆ ಕೂತು ಯೋಚಿಸಿದ. ವಯಸ್ಸು 28, ಗುದ್ದು ತಿಂದ ದೇಹ, ಒಂದೇ ರಾತ್ರಿಯಲ್ಲಿ ಒಂದರ ಮೇಲೊಂದು ಓಟ. ವೇಗದಲ್ಲಿ ಇವರನ್ನು ಹಿಡಿಯಲಾಗದು. ಹಾಗಾದರೆ ಗುಂಪಿನಲ್ಲಿ ನುಗ್ಗದೆ ಹಿಂದೆ ಉಳಿಯುವುದು. ಅವರು ಬಿದ್ದರೆ ತಾನು ನಿಂತಿರಬೇಕು. ಸೆಮಿಫೈನಲ್‌ನಲ್ಲಿ ಹಾಗೇ ಆಯಿತು. ಹಿಂದಿನ ಒಲಿಂಪಿಕ್ಸ್‌ನ ಚಿನ್ನದ ಒಡೆಯ ಕಿಮ್ ಡಾಂಗ್-ಸುಂಗ್ ಸೇರಿದಂತೆ ಮುಂದಿದ್ದವರು ಬಿದ್ದರು. ಫೈನಲ್‌ನಲ್ಲೂ ಲೆಕ್ಕ ಅದೇ. ಯಾರೋ ಒಬ್ಬಿಬ್ಬರು ಬಿದ್ದರೆ ಒಂದು ಪದಕ ಸಿಕ್ಕೀತು ಎಂಬುದಷ್ಟೇ ಆಸೆ. ನಾಲ್ವರೂ ಬೀಳುತ್ತಾರೆಂದು ಯಾವ ಲೆಕ್ಕವೂ ಹೇಳಿರಲಿಲ್ಲ.

ಹಾಗಾದರೆ ಆ ಚಿನ್ನ ಯಾರದು? ಈ ಪ್ರಶ್ನೆ ಅವನನ್ನೂ ಕಾಡದೆ ಇರಲಿಲ್ಲ. ಅಲ್ಲಿದ್ದವರಲ್ಲಿ ತಾನು ಅತಿ ವೇಗದವನಲ್ಲ ಎಂದು ಅವತ್ತೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಗೆದ್ದ ಆ ಒಂದೂವರೆ ನಿಮಿಷಕ್ಕಾಗಿ ಅಲ್ಲ, ಅದರ ಹಿಂದಿನ ಹತ್ತು ವರ್ಷಗಳ ದುಡಿಮೆಗಾಗಿ ಈ ಪದಕ ತೆಗೆದುಕೊಳ್ಳುತ್ತೇನೆ ಎಂಬುದು ಅವನು ಕಂಡುಕೊಂಡ ಉತ್ತರ. ಅದೃಷ್ಟವನ್ನು ಅಲ್ಲಗಳೆಯಲಿಲ್ಲ, ದುಡಿಮೆಯನ್ನು ಬಿಟ್ಟುಕೊಡಲಿಲ್ಲ. ದೊಡ್ಡ ಗೆಲುವು ಕಂಡವರಲ್ಲಿ ಹೀಗೆ ಎರಡನ್ನೂ ಸರಿಯಾಗಿ ತೂಗುವವರು ಕಡಿಮೆ.

ಆ ಒಲಿಂಪಿಕ್ಸ್ ಬಳಿಕ ಬ್ರಾಡ್ಬರಿ ನಿವೃತ್ತನಾದ. ಆಸ್ಟ್ರೇಲಿಯಾದ ಅಂಚೆ ಇಲಾಖೆ ಅವನ ಚಿತ್ರದ ಅಂಚೆಚೀಟಿ ತಂದಿತು. ಅನಿರೀಕ್ಷಿತವಾಗಿ ಗೆದ್ದವರನ್ನು ‘ಬ್ರಾಡ್ಬರಿ ಮಾಡಿದ’ ಎನ್ನುವ ಮಾತು ಅಲ್ಲಿನ ಆಡುನುಡಿಗೆ ಸೇರಿ, 2016ರಲ್ಲಿ ನಿಘಂಟಿಗೂ ಏರಿತು. ನಗೆಮಾತಿನಂತೆ ಬಳಸಿದರೂ ಅದರಲ್ಲಿ ಅಕ್ಕರೆಯೇ ಹೆಚ್ಚು. 2023ರ ಮಾರ್ಚ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಡಲತೀರದಲ್ಲಿ ನಾಲ್ವರು ಹುಡುಗಿಯರು ಅಲೆಗಳಿಗೆ ಸಿಕ್ಕಿ ಮುಳುಗುತ್ತಿದ್ದರು. ಮಗನನ್ನು ಜೀವರಕ್ಷಕರ ಬಳಿಗೆ ಓಡಿಸಿ ತಾನು ಅಲೆಹಲಗೆ ಹಿಡಿದು ನೀರಿಗಿಳಿದು ಅವರನ್ನು ಉಳಿಸಿದವನು ಇದೇ ಬ್ರಾಡ್ಬರಿ. ಮರುವರ್ಷ ಆ ಧೈರ್ಯಕ್ಕೆ ಸರ್ಕಾರದ ಪುರಸ್ಕಾರ ಬಂತು. ಆ ಹುಡುಗಿಯರ ಪಾಲಿಗೆ ಆ ಹೊತ್ತಿಗೆ ಅವನು ಅಲ್ಲಿದ್ದದ್ದೇ ಅದೃಷ್ಟ.

ಫಲಿತಾಂಶದ ದಿನ ಮಕ್ಕಳ ಮುಖ ನೋಡುವ ತಂದೆ-ತಾಯಿ ಈ ಕಥೆಯನ್ನು ಒಮ್ಮೆ ನೆನೆಯಬಹುದು. ಪ್ರಶ್ನೆಪತ್ರಿಕೆ, ಆ ದಿನದ ಆರೋಗ್ಯ, ಎದುರಾಳಿಯ ಕಾಲು ಜಾರುವುದು, ಇವು ಯಾವುವೂ ಮಗುವಿನ ಕೈಯಲ್ಲಿಲ್ಲ. 111 ಹೊಲಿಗೆಯ ನಂತರವೂ, ಕುತ್ತಿಗೆ ಮುರಿದ ನಂತರವೂ ಮತ್ತೆ ಅಂಕಣಕ್ಕೆ ಹೋಗುವುದು ಮಾತ್ರ ಬ್ರಾಡ್ಬರಿಯ ಕೈಯಲ್ಲಿತ್ತು. ಹೋಗದೆ ಮನೆಯಲ್ಲಿ ಕೂತಿದ್ದರೆ ಆ ನಾಲ್ವರು ಹೇಗೆ ಬಿದ್ದಿದ್ದರೂ ಅವನಿಗೆ ಅದು ಟೀವಿಯಲ್ಲಿ ನೋಡುವ ಸುದ್ದಿಯಷ್ಟೇ ಆಗುತ್ತಿತ್ತು. ಕೊಂಬೆ ಯಾವಾಗ ಮುರಿಯುತ್ತದೋ ಕಾಗೆಗೆ ಗೊತ್ತಿಲ್ಲ. ಅಲ್ಲಿಯವರೆಗೆ ಹಾರಿ ಬರುವುದಷ್ಟೇ ಅದರ ಕೆಲಸ.