ಶಿವಪುರದ ಅಕ್ಕನ ಮನೆಗೆ ಹೋದ ಬಾಟ್ಲಿ

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಓಡಾಡುವ ಸೋದರಿಯರೇ, ಮದ್ದೂರು ಬಂತೆಂದರೆ ನಿಮಗೆ ಮೊದಲು ನೆನಪಾಗುವುದು ವಡೆ ತಾನೆ? ಅದಕ್ಕೆ ಅಂಟಿಕೊಂಡಂತಿರುವ ಶಿವಪುರವನ್ನು ಎಷ್ಟು ಜನ ಇಳಿದು ನೋಡಿದ್ದೀರಿ? 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಧ್ವಜ ಹಾರಿಸಿದ ಊರು ಅದು. ನೆನಪಿಗೆ ಸತ್ಯಾಗ್ರಹ ಸೌಧ ಕಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನಾನು ಮಾತ್ರ ಅಲ್ಲಿಗೆ ಹೋಗುವುದು ಅಕ್ಕನ ಮನೆಗೆ. ಕೈಚೀಲದಲ್ಲಿ ಹಳೇ ಸೀರೆ ತುಂಡು ಸುತ್ತಿದ ಗಾಜಿನ ಬಾಟ್ಲಿಗಳು ಇದ್ದೇ ಇರುತ್ತವೆ. ಜಾಮಿನದು, ಕಾಫಿಪುಡಿಯದು, ಜೇನಿನದು. ನಮ್ಮಿಬ್ಬರಲ್ಲಿ ಒಂದು ಪದ್ಧತಿ: ಯಾರ ಬಾಟ್ಲಿಯೂ ಬರಿದಾಗಿ ವಾಪಸ್ಸು ಹೋಗಕೂಡದು. ನಾನು ಹುಚ್ಚೆಳ್ಳು ಚಟ್ನಿಪುಡಿ ತುಂಬಿ ಒಯ್ದರೆ, ಬರುವಾಗ ಅದರಲ್ಲೇ ಆಲೆಮನೆಯ ಬೆಲ್ಲದ ಪುಡಿ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುವುದು, ಇರುವೆ ಮುತ್ತುವುದು ನಿಮಗೂ ಗೊತ್ತು. ಬಿಗಿ ಮುಚ್ಚಳದ ಗಾಜಿನಲ್ಲಿ ಇಟ್ಟುನೋಡಿ, ಆ ಗೋಳು ಎಷ್ಟೋ ಕಡಿಮೆ.

ಬಾಟ್ಲಿ ಸಿದ್ಧ ಮಾಡುವುದೂ ಒಂದು ಕೆಲಸವೇ. ಚೀಟಿ ಬಿಡದಿದ್ದರೆ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಉಳಿದ ಅಂಟಿಗೆ ಎರಡು ಹನಿ ಕೊಬ್ಬರಿ ಎಣ್ಣೆ ತಿಕ್ಕಿ. ವಾಸನೆ ಕೂತಿರುವುದು ಗಾಜಿನಲ್ಲಲ್ಲ, ಮುಚ್ಚಳದಲ್ಲಿ. ಅದನ್ನು ಬೇರೆಯಾಗಿ ತೊಳೆದು ಎರಡು ದಿನ ಬಿಸಿಲಿಗಿಡಿ. ಒಳಗೆ ಒಂದು ಹನಿ ನೀರಿದ್ದರೂ ಉಪ್ಪಿನಕಾಯಿಗೆ ಬೂಷ್ಟು ಬರುತ್ತೆ. ಉಪ್ಪು ಹುಳಿ ತಗಲಿ ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತೆ, ಹಿಡಿದದ್ದನ್ನು ಎಸೆದುಬಿಡಿ, ಜಿಪುಣತನ ಬೇಡ. ಕುದಿಯುವ ತುಪ್ಪವನ್ನೋ ಸಾರನ್ನೋ ನೇರವಾಗಿ ಸುರಿಯಬೇಡಿ. ಒಳಮೈ ಹಿಗ್ಗುವಷ್ಟರಲ್ಲಿ ಹೊರಮೈ ಹಿಗ್ಗಿರುವುದಿಲ್ಲ, ಠಣ್ಣಂತ ಸೀಳುತ್ತೆ. ನನ್ನ ಒಂದು ಸೇರು ತುಪ್ಪ ಹಾಗೇ ಕಟ್ಟೆಮೇಲೆ ಹರಿದುಹೋಯಿತು!

ಇಷ್ಟೆಲ್ಲ ಹೇಳುವ ನಾನೇ ಒಂದು ಸಲ ಎಂಥ ಕೆಲಸ ಮಾಡಿದೆ ಗೊತ್ತೇ? ಊರಹಬ್ಬಕ್ಕೆ ಅಂತ ಹೋದವಳು, ಬಟ್ಟೆ ನೆನೆಸಲು ತಂದಿದ್ದ ವಾಷಿಂಗ್ ಸೋಡಾದ ಪೊಟ್ಟಣ ಹರಿದಿತ್ತು ಅಂತ ಒಂದು ಕಾಫಿಪುಡಿ ಬಾಟ್ಲಿಗೆ ಸುರಿದೆ. ಬಚ್ಚಲಿಗೆ ಒಯ್ಯೋಣ ಅಂದುಕೊಂಡೆ, ಯಾರೋ ಕರೆದರು, ಅಡಿಗೆಮನೆ ಗೂಡಿನಲ್ಲೇ ಬಿಟ್ಟೆ. ಪಕ್ಕದಲ್ಲಿ ಅಂಥದೇ ಬಾಟ್ಲಿ, ಉಪ್ಪಿನದು.

ಸಂಜೆ ಅಕ್ಕನ ಸೊಸೆ ಉರುಳಿಕಾಳಿನ ಸಾರಿಗೆ ಹುಣಸೆರಸ ಬಿಟ್ಟು ಉಪ್ಪು ಹಾಕಿದಳು. ಪಾತ್ರೆ ತುಂಬ ನೊರೆ ಉಕ್ಕಿತು. "ಅತ್ತೆ, ಇದೇನೋ ಬಂದು ನೋಡಿ" ಅಂತ ಅವಳು ಕೂಗಿದಾಗ ನನ್ನ ಎದೆ ಧಸಕ್ಕೆಂದಿತು. ಹುಳಿ ಇದ್ದದ್ದಕ್ಕೆ ನೊರೆ ಬಂತು. ಅದೇ ಪಕ್ಕದ ಒಲೆಯ ಅನ್ನಕ್ಕೋ, ಮೂರು ವರ್ಷದ ಮೊಮ್ಮಗುವಿನ ಹಾಲುಗಂಜಿಗೋ ಬಿದ್ದಿದ್ದರೆ? ಆ ಪುಡಿ ಬಾಯಿ, ಗಂಟಲನ್ನು ಸುಟ್ಟುಬಿಡುತ್ತೆ.

ಅಕ್ಕ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಸಾರು ಚೆಲ್ಲಿ, ಪಾತ್ರೆ ಬೆಳಗಿ, ಆ ಬಾಟ್ಲಿಯನ್ನು ಹಿತ್ತಲಿಗೆ ಒಯ್ದು ಗೋಣಿಯಲ್ಲಿ ಸುತ್ತಿ ಒಡೆದಳು. "ತೊಳೆದರೆ ಹೋಗುತ್ತಲ್ಲಕ್ಕ" ಅಂದೆ. "ಹೋಗುತ್ತೆ ಕಣೆ, ಆದರೆ ನಾಳೆ ನೋಡಿದೋರಿಗೆ ತೊಳೆದದ್ದೋ ತೊಳೀದೇ ಇರೋದೋ ಹೇಗೆ ಗೊತ್ತಾಗುತ್ತೆ?" ಅಂದಳು.

ಅಂದಿನಿಂದ ಸೋಡಾ, ಫಿನಾಯಿಲು, ಇಲಿಪಾಷಾಣ ಯಾವುದೂ ನಮ್ಮ ಎರಡೂ ಮನೆಗಳಲ್ಲಿ ತಿಂಡಿಯ ಬಾಟ್ಲಿಗೆ ಬೀಳುವುದಿಲ್ಲ; ಅಂಗಡಿಯಿಂದ ಬಂದ ಡಬ್ಬದಲ್ಲೇ, ಹೆಸರಿರುವ ಚೀಟಿ ಹಾಗೇ ಇಟ್ಟು, ಬಚ್ಚಲ ಮೇಲಿನ ಅಟ್ಟದಲ್ಲಿ. ಉಪ್ಪಿನ ಬಾಟ್ಲಿಗೆ ಅಕ್ಕ ಕೆಂಪು ದಾರ ಕಟ್ಟಿದ್ದಾಳೆ.

ಹೋದ ತಿಂಗಳು ಹೊರಟಾಗ ನನ್ನ ಚೀಲದಲ್ಲಿ ಎರಡು ಬೆಲ್ಲದ ಬಾಟ್ಲಿ ಇಟ್ಟಳು. ಬಸ್ಸು ಹತ್ತುವವರೆಗೂ "ನಿಲ್ಲಿಸಿ ಹಿಡ್ಕೊ, ಮಲಗಿಸಬೇಡ" ಅಂತ ಹೇಳುತ್ತಲೇ ಇದ್ದಳು.