ಮುಂದೆ ಕುಡಿಯುವವರಿಗಾಗಿ



ಕಣ್ಣಿಗೆ ಕಾಣುವ ನೀರೆಲ್ಲ ದಾಹ ತಣಿಸುವುದಿಲ್ಲವೆಂಬುದು ಕಡಲ ಅಂಚಿನಲ್ಲಿ ಬಾಳುವವರಿಗೆ ಚೆನ್ನಾಗಿ ಗೊತ್ತು. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯ ಬಳಿ ಸೀತಾ, ಸ್ವರ್ಣಾ ನದಿಗಳು ಸಮುದ್ರವನ್ನು ಸೇರುತ್ತವೆ. ಸಾಲಿಗ್ರಾಮದ ಕಡೆಗಿನ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಯುವಜನರು ಕಯಾಕ್ ಎಂಬ ಕಿರುದೋಣಿಗಳಲ್ಲಿ ಹುಟ್ಟು ಹಾಕುತ್ತಾ ಸಾಗುತ್ತಾರೆ. ಬೇಸಿಗೆಯಲ್ಲಿ ಉಬ್ಬರದೊಡನೆ ಉಪ್ಪುನೀರು ಒಳಗೆ ಬರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದನ್ನು ಹೊರಹಾಕಲು ನಮ್ಮ ಮೂತ್ರಪಿಂಡಗಳು ಕುಡಿದದ್ದಕ್ಕಿಂತ ಹೆಚ್ಚು ನೀರನ್ನು ವ್ಯಯಿಸಬೇಕು. ಆದುದರಿಂದ ದೋಣಿಯಲ್ಲಿ ಹೋಗುವವರು ಸಿಹಿನೀರನ್ನು ಮನೆಯಿಂದಲೇ ಒಯ್ಯಬೇಕು.

ಎರಡೂ ಕೈಗಳು ಹುಟ್ಟಿನ ಮೇಲಿರುವಾಗ ಬಾಟಲಿಯ ಮುಚ್ಚಳ ತೆರೆಯುವುದು ಕಷ್ಟ. ಅದಕ್ಕಾಗಿ ಅವರು ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು, ಕೊಳವೆಯ ತುದಿಯನ್ನು ಕಚ್ಚಿ ಹೀರುತ್ತಾರೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನ ಸೈಕಲ್ ಓಟವೊಂದಕ್ಕಾಗಿ ಮೈಕೆಲ್ ಐಡ್ಸನ್ ಎಂಬ ತುರ್ತು ಚಿಕಿತ್ಸಾ ಸಹಾಯಕರು ಆಸ್ಪತ್ರೆಯ ಡ್ರಿಪ್ ಚೀಲಕ್ಕೆ ನೀರು ತುಂಬಿ, ಅದನ್ನು ಕಾಲುಚೀಲದೊಳಗಿಟ್ಟು ಬೆನ್ನಿಗೆ ಸಿಕ್ಕಿಸಿಕೊಂಡರು. ಇಂದಿನ ಚೀಲಗಳ ಮೂಲ ಅದು. ರೋಗಿಯ ಜೀವ ಉಳಿಸುವ ಸಾಧನವೇ ಬಾಯಾರಿದವನ ಸಂಗಾತಿಯಾಯಿತು.

ನಮ್ಮ ಯುವಜನರು ನೀರವಿಹಾರ ಮುಗಿಸಿ ಬಂದ ಸಂಜೆ ಈ ಚೀಲಗಳನ್ನು ತೊಳೆಯುವಾಗ ನಾನೂ ಜೊತೆಯಲ್ಲಿ ಕೂರುವುದುಂಟು. ಮೊದಲು ಹೊರಮೈಯ ಉಪ್ಪನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಬಳಿಕ ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ, ಕೊಳವೆಯೊಳಗೂ ಹರಿಯುವಂತೆ ಮಾಡಿ ಅರ್ಧ ಗಂಟೆ ಬಿಡಬೇಕು. ಉದ್ದನೆಯ ಸಣ್ಣ ಬ್ರಷ್ಷಿನಿಂದ ಕೊಳವೆಯನ್ನು ಉಜ್ಜಿ, ಕಚ್ಚುವ ತುದಿಯನ್ನು ಕಳಚಿ ಪ್ರತ್ಯೇಕವಾಗಿ ತೊಳೆಯಬೇಕು. ಕೊನೆಗೆ ಬಾಯಿ ತೆರೆದು ತಲೆಕೆಳಗಾಗಿ ತೂಗುಹಾಕಿ, ಪೂರ್ಣ ಒಣಗಿದ ಮೇಲೆಯೇ ಎತ್ತಿಡಬೇಕು. ಶರಬತ್ತು ತುಂಬಿದ್ದರಂತೂ ತಡ ಮಾಡಲಾಗದು. ಸಕ್ಕರೆಯ ಅಂಶವಿದ್ದಲ್ಲಿ ಬೂಷ್ಟು ಬೇಗ ಬೆಳೆಯುತ್ತದೆ.

ಸೋರಿಕೆ ಕಂಡೊಡನೆ ಚೀಲವನ್ನು ಎಸೆಯಬೇಕಾಗಿಲ್ಲ. ನೀರು ತುಂಬಿ, ಹೊರಗನ್ನು ಒರೆಸಿ, ಮೆಲ್ಲಗೆ ಅದುಮಿದರೆ ಸೋರುವ ಜಾಗ ತಿಳಿಯುತ್ತದೆ. ಎಷ್ಟೋ ಸಲ ಮುಚ್ಚಳದ ರಬ್ಬರ್ ಬಳೆಯಲ್ಲಿ ಸಿಕ್ಕಿದ ಒಂದು ಮರಳಿನ ಕಣವೇ ಅದಕ್ಕೆ ಕಾರಣ. ಸಣ್ಣ ತೂತಾದರೆ, ಆ ವಸ್ತುವಿಗೆಂದೇ ತಯಾರಿಸಿದ ತೇಪೆಯನ್ನು ಒಣಗಿದ ಹೊರಮೈಗೆ ಅಂಟಿಸಿ, ಹೇಳಿದಷ್ಟು ಹೊತ್ತು ಕಾಯಬೇಕು. ಅಂಚಿನ ಬೆಸುಗೆಯೇ ಬಿಟ್ಟಿದ್ದರೆ ಚೀಲವನ್ನು ಬದಲಾಯಿಸುವುದೇ ಲೇಸು.

"ಫಾದರ್, ಹಾಕಿದ್ದು ಬರೀ ನೀರಲ್ಲವೇ? ಇಷ್ಟೆಲ್ಲ ಏಕೆ?" ಎಂದು ಒಬ್ಬ ಹುಡುಗ ಕೇಳಿದ. ಅವನ ಪಕ್ಕದಲ್ಲಿದ್ದ ಹುಡುಗಿಯೇ ಉತ್ತರಿಸಿದಳು: "ಮುಂದಿನ ಸಲ ಇದರಲ್ಲಿ ಕುಡಿಯುವವರು ಯಾರೋ!"

ಆ ಮಾತು ನನ್ನನ್ನು ಬಲಿಪೀಠಕ್ಕೆ ಕರೆದೊಯ್ದಿತು. ಪರಮಪ್ರಸಾದದ ನಂತರ ಯಾಜಕನು ಪಾನಪಾತ್ರೆಗೆ ನೀರು ಹಾಕಿ, ಅದನ್ನು ಕುಡಿದು, ಶುಭ್ರ ವಸ್ತ್ರದಿಂದ ಪಾತ್ರೆಯನ್ನು ಒರೆಸುತ್ತಾನೆ. ಪೀಠದ ಮೇಲಿನ ಈ ಸೇವೆಗೆ ಪ್ರಾರ್ಥನೆಯ ಗಾಂಭೀರ್ಯವಿದೆ. ಅಂಗಳದಲ್ಲಿ ಕೊಳವೆ ಉಜ್ಜುವ ಕೈಗಳಿಗೂ ಅಂತಹುದೇ ಗಾಂಭೀರ್ಯವಿದೆಯೆಂದು ಅಂದು ನನಗನಿಸಿತು.

ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇಸಾಕನು ತನ್ನ ತಂದೆ ಅಬ್ರಹಾಮನ ಕಾಲದ ಬಾವಿಗಳನ್ನು ಮತ್ತೆ ತೋಡಿಸುತ್ತಾನೆ. ಫಿಲಿಷ್ಟಿಯರು ಅವನ್ನು ಮಣ್ಣಿನಿಂದ ಮುಚ್ಚಿದ್ದರು. ನೀರು ದೇವರ ದಾನ. ಬಾವಿಯ ಹೂಳೆತ್ತುವ ಕೆಲಸ ಮಾತ್ರ ಪ್ರತಿ ತಲೆಮಾರಿನದು. ನಮ್ಮ ಕುಟುಂಬಗಳಲ್ಲಿ ಹಿರಿಯರಿಂದ ಬಂದ ವಿಶ್ವಾಸವೂ ಹಾಗೆಯೇ. ನೀರು ಎಷ್ಟೇ ನಿರ್ಮಲವಾಗಿರಲಿ, ಮಕ್ಕಳು ಅದನ್ನು ಹೀರುವುದು ನಮ್ಮ ಮಾತು, ಮುನಿಸು, ನಡತೆಗಳೆಂಬ ಕೊಳವೆಯ ಮೂಲಕ. ಹೊರಗಿನಿಂದ ಕಾಣದ ಆ ಒಳಭಾಗವನ್ನು ಯಾರಾದರೂ ಆಗಾಗ ಬೆಳಕಿಗೆ ಹಿಡಿದು ನೋಡಲೇಬೇಕು.

ಇಂದು ಸಂಜೆ, ನಿಮ್ಮ ಮಗು ಶಾಲೆಗೆ ಒಯ್ಯುವ ನೀರಿನ ಬಾಟಲಿಯ ಸ್ಟ್ರಾ ಕಳಚಿ ನೋಡಿ. ಅದನ್ನು ತೊಳೆಯುವಾಗ ಆ ಮಗುವಿನ ಹೆಸರು ಹೇಳಿ ಒಂದು ಕಿರುಪ್ರಾರ್ಥನೆ ಮಾಡಿ.